ಗುರುತು ಸಿಗದ್ದನ್ನು ಹೊಡೆದು ಬೀಳಿಸಬೇಕೇ?

2023ರ ಫೆಬ್ರವರಿ 4ರಿಂದ 12ರ ನಡುವೆ ಅಮೆರಿಕದ ಯುದ್ಧವಿಮಾನಗಳು ಉತ್ತರ ಅಮೆರಿಕದ ಆಕಾಶದಲ್ಲಿ ನಾಲ್ಕು ವಸ್ತುಗಳನ್ನು ಹೊಡೆದು ಬೀಳಿಸಿದವು. ಮೊದಲನೆಯದು ಚೀನಾದ ಬಲೂನು. ಉಳಿದ ಮೂರು ಏನು ಅಂತ ಆಗ ಯಾರೂ ಖಚಿತವಾಗಿ ಹೇಳಲಿಲ್ಲ. ಜನರ ಅನುಮಾನ ಮಾತ್ರ ಬೆಳೆಯುತ್ತಲೇ ಹೋಯಿತು. ಏನು ಅಂತ ತಿಳಿಯುವ ಮೊದಲೇ ಹೊಡೆಯುವುದು ಸರಿಯೇ? ಇಬ್ಬರನ್ನು ಬರೆಯಲು ಕೇಳಿದ್ದೆವು.

ಪರ

ರೇಡಾರ್ ಮುಂದೆ ಕೂತವನನ್ನು ಕೇಳಿ

(ಬರೆದವರು ಭಾರತೀಯ ವಾಯುಸೇನೆಯ ರೇಡಾರ್ ಘಟಕಗಳಲ್ಲಿ ದುಡಿದು ನಿವೃತ್ತರಾದವರು. ಈಗ ಹಾಸನದಲ್ಲಿದ್ದಾರೆ.)

ಆಕಾಶ ಅಂದರೆ ಖಾಲಿ ಬಯಲು ಅಂತ ಕೆಳಗೆ ನಿಂತವರಿಗೆ ಅನ್ನಿಸುತ್ತದೆ. ಬೆಂಗಳೂರಿಂದ ದೆಹಲಿಗೆ ಹೋಗುವ ವಿಮಾನ ಹಾರುವುದು 35 ಸಾವಿರ ಅಡಿ ಆಸುಪಾಸಿನಲ್ಲಿ. ಅಲಾಸ್ಕಾದ ಡೆಡ್‌ಹಾರ್ಸ್ ಹತ್ತಿರ ಫೆಬ್ರವರಿ 10ರಂದು ಹೊಡೆದ ವಸ್ತು ಇದ್ದದ್ದು 40 ಸಾವಿರ ಅಡಿಯಲ್ಲಿ. ಒಂದು ಸಣ್ಣ ಕಾರಿನಷ್ಟು ದೊಡ್ಡದು ಅಂದರು. ಮರುದಿನ ಕೆನಡಾದ ಯೂಕಾನ್ ಮೇಲೆ ಹೊಡೆದದ್ದೂ ಹೆಚ್ಚುಕಮ್ಮಿ ಅಷ್ಟೇ ಎತ್ತರದಲ್ಲಿತ್ತು. ಅದರ ಮರುದಿನ ಅಮೆರಿಕ-ಕೆನಡಾ ಗಡಿಯ ಹ್ಯೂರಾನ್ ಸರೋವರದ ಮೇಲಿನದ್ದು 20 ಸಾವಿರ ಅಡಿ. ಅಂದರೆ ವಿಮಾನಗಳು ಏರುವ ಇಳಿಯುವ ದಾರಿ. ಒಳಗೆ ಇನ್ನೂರು ಮುನ್ನೂರು ಜನ ಸೀಟ್ ಬೆಲ್ಟ್ ಹಾಕಿಕೊಂಡು ಕೂತಿರುತ್ತಾರೆ. ಎದುರಿಗೆ ಯಾರದ್ದೋ ಏನೋ ಒಂದು ಗಾಳಿಗೆ ತೇಲಿಕೊಂಡು ಬರುತ್ತಿದೆ. ಪೈಲಟ್ ಇಲ್ಲ, ಮಾತಾಡಿಸಿದರೆ ಉತ್ತರ ಇಲ್ಲ. ಆಗ ಏನು ಮಾಡಬೇಕು ಅಂತೀರಿ? ಅದು ಯಾರದ್ದು ಅಂತ ಪತ್ರಿಕೆಯಲ್ಲಿ ಜಾಹೀರಾತು ಕೊಡಬೇಕಾ?

ನಮ್ಮ ದೇಶದಲ್ಲಿ ಈ ಕೆಲಸ ಹೇಗೆ ನಡೆಯುತ್ತದೆ ಅಂತ ಸ್ವಲ್ಪ ಹೇಳುತ್ತೇನೆ. ಹಾರುವ ವಿಮಾನಕ್ಕೆ ಎಡಿಸಿ ನಂಬರ್ ಅಂತ ಒಂದು ಸಿಗುತ್ತದೆ. ಏರ್ ಡಿಫೆನ್ಸ್ ಕ್ಲಿಯರೆನ್ಸ್. ಯಾವ ವಿಮಾನ, ಎಲ್ಲಿಂದ, ಎಲ್ಲಿಗೆ, ಎಷ್ಟು ಎತ್ತರ ಅನ್ನೋದು ರೇಡಾರ್ ಘಟಕಕ್ಕೆ ಮೊದಲೇ ಗೊತ್ತಿರುತ್ತದೆ. ಪರದೆ ಮೇಲೆ ಚುಕ್ಕೆ ಬಂತು ಅಂದ ತಕ್ಷಣ ಅದನ್ನು ಪಟ್ಟಿಯ ಜೊತೆ ಹೊಂದಿಸಬೇಕು. ಹೊಂದಿದರೆ ಸರಿ. ಹೊಂದದಿದ್ದರೆ ಅದು 'ಅನ್‌ನೋನ್'. ಆಮೇಲೆ ಫೋನುಗಳು ಶುರು. ಓಆರ್‌ಪಿಯಲ್ಲಿ, ಅಂದರೆ ರನ್‌ವೇ ತುದಿಯ ಕಟ್ಟೆಯಲ್ಲಿ, ಫೈಟರ್‌ಗಳು ಸಿದ್ಧವಾಗಿ ನಿಂತಿರುತ್ತವೆ, ಪೈಲಟ್‌ಗಳು ಡ್ರೆಸ್ ಹಾಕಿಕೊಂಡೇ ಕೂತಿರುತ್ತಾರೆ. ಗಂಟೆ ಹೊಡೆದರೆ ಕೆಲವೇ ನಿಮಿಷದಲ್ಲಿ ಮೇಲೆ.

ರಾಜಸ್ಥಾನದ ಗಡಿ ಕಡೆ ಇದ್ದಾಗಿನ ಒಂದು ರಾತ್ರಿ ನೆನಪಿದೆ. ಬೇಸಿಗೆ. ಮರುಭೂಮಿಯಲ್ಲಿ ಹಗಲಲ್ಲಿ ಕುದಿಯುತ್ತೆ, ರಾತ್ರಿ ನೆಲ ಬೇಗ ತಣ್ಣಗಾಗುತ್ತೆ. ಮೇಲಿನ ಗಾಳಿ ಇನ್ನೂ ಬಿಸಿ. ಅಂಥ ರಾತ್ರಿ ರೇಡಾರ್ ಕಿರಣ ಬಗ್ಗಿ ಬಿಡುತ್ತದೆ. ಎಲ್ಲೋ ದೂರದ ಗುಡ್ಡ, ರೈಲು ಎಲ್ಲ ಪರದೆ ಮೇಲೆ ಬಂದು ಕೂರುತ್ತವೆ. ಹಕ್ಕಿಗಳ ಗುಂಪೂ ಬರುತ್ತದೆ. ಹಳೆಯ ಆಪರೇಟರ್‌ಗಳು ಅವನ್ನು 'ಏಂಜಲ್ಸ್' ಅಂತಿದ್ದರು. ಹೊಸಬರಿಗೆ ನಿಜ ಯಾವುದು, ಮಾಯೆ ಯಾವುದು ಅಂತ ಹೇಳಲು ಆಗುವುದಿಲ್ಲ. ಆ ರಾತ್ರಿ ಒಂದು ಚುಕ್ಕೆ ಮಾತ್ರ ನೇರವಾಗಿ, ಒಂದೇ ವೇಗದಲ್ಲಿ ಬರುತ್ತಿತ್ತು. ನಿಧಾನ. ಪಟ್ಟಿಯಲ್ಲಿ ಇಲ್ಲ. ಪಕ್ಕದಲ್ಲಿದ್ದ ಸೀನಿಯರ್ 'ಹಕ್ಕಿ ಇರಬೇಕು ಬಿಡೋ' ಅಂದರು. ನಾನು ಬಿಡಲಿಲ್ಲ. 'ಹಕ್ಕಿ ಇಷ್ಟು ನೇರವಾಗಿ ಹೋಗಲ್ಲ ಸಾರ್' ಅಂದೆ. ಕೊನೆಗೆ ಎರಡು ಮಿಗ್-21 ಎದ್ದವು. ಹತ್ತಿರ ಹೋಗಿ ನೋಡಿದರೆ ನಮ್ಮದೇ ಒಂದು ಸಣ್ಣ ವಿಮಾನ. ಅದಕ್ಕೆ ನಂಬರ್ ಕೊಟ್ಟಿದ್ದರು, ಆದರೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಫೋನಿನಲ್ಲಿ ಹೇಳುವಾಗ ಎಲ್ಲೋ ಬಿಟ್ಟುಹೋಗಿತ್ತು. ಬೆಳಿಗ್ಗೆ ಎಲ್ಲರೂ ಚಹಾ ಕುಡಿಯುತ್ತಾ ನಕ್ಕೆವು. ಆ ಸೀನಿಯರ್ ಮಾತ್ರ ನಗಲಿಲ್ಲ. ನನ್ನನ್ನು ಹೊರಗೆ ಕರೆದು, 'ಇವತ್ತು ನನ್ನ ಮಾತು ಕೇಳದೆ ಇದ್ದದ್ದು ಒಳ್ಳೇದಾಯ್ತು' ಅಂದರು. ಕೇರಳದವರು, ಬಹಳ ಒಳ್ಳೆಯ ಮನುಷ್ಯ. ಅವರಿಂದ ಕಲಿತದ್ದು ಎಷ್ಟೋ.

ಇದನ್ನು ಯಾಕೆ ಹೇಳಿದೆ ಅಂದರೆ, ಕಣ್ಣಲ್ಲಿ ನೋಡುವುದು ಅಂತ ಒಂದು ಹಂತ ಇದ್ದೇ ಇರುತ್ತದೆ. ಅಮೆರಿಕದವರೂ ಸುಮ್ನೆ ಹೊಡೆಯಲಿಲ್ಲ. ಅಲಾಸ್ಕಾದಲ್ಲಿ ಪೈಲಟ್‌ಗಳು ಹತ್ತಿರ ಹೋಗಿ ನೋಡಿ, ಒಳಗೆ ಮನುಷ್ಯರಿಲ್ಲ ಅಂತ ಖಚಿತ ಮಾಡಿಕೊಂಡ ಮೇಲೆಯೇ ಹೊಡೆದದ್ದು. ಹ್ಯೂರಾನ್ ಮೇಲಿನದ್ದು ಎಂಟು ಮೂಲೆಯದ್ದು, ಕೆಳಗೆ ದಾರಗಳು ನೇತಾಡುತ್ತಿದ್ದವು ಅಂತ ಹೇಳಿದರು. ನೋಡದೆ ಇಷ್ಟು ಹೇಳಲು ಆಗುತ್ತದೆಯೇ?

ಈಗ ಎಲ್ಲರೂ ಕೇಳುವ ಪ್ರಶ್ನೆ. ಇಷ್ಟು ವರ್ಷ ಇಲ್ಲದ್ದು ಮೂರು ದಿನದಲ್ಲಿ ಮೂರು ಹೇಗೆ ಬಂದವು? ಇದಕ್ಕೆ ಉತ್ತರ ಸರಳ, ಆದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ರೇಡಾರ್ ಎಲ್ಲವನ್ನೂ ತೋರಿಸಿದರೆ ಪರದೆ ತುಂಬಾ ಹಕ್ಕಿ, ಮೋಡ, ಅಲೆ. ಅದಕ್ಕೆ ವೇಗದ ಮೇಲೆ ಒಂದು ಜರಡಿ ಇಟ್ಟಿರುತ್ತಾರೆ. ಇಷ್ಟಕ್ಕಿಂತ ನಿಧಾನ ಇದ್ದರೆ ತೋರಿಸಬೇಡ ಅಂತ. ಬಾಂಬರ್, ಕ್ಷಿಪಣಿ ಹಿಡಿಯಲು ಮಾಡಿದ ವ್ಯವಸ್ಥೆ ಅದು. ಗಾಳಿಯ ಜೊತೆ ಹೋಗುವ ಬಲೂನು ಆ ಜರಡಿಯಲ್ಲಿ ಜಾರಿಹೋಗುತ್ತದೆ. ಚೀನಾದ ಬಲೂನಿನ ಗಲಾಟೆ ಆದ ಮೇಲೆ ಅಮೆರಿಕ ಮತ್ತು ಕೆನಡಾದ ಜಂಟಿ ಕಮಾಂಡ್ ನೋರಾಡ್ ಆ ಜರಡಿಯನ್ನು ಸಡಿಲ ಮಾಡಿತು. ತಕ್ಷಣ ಸಣ್ಣವು, ನಿಧಾನದವು ಎಲ್ಲ ಕಾಣಿಸತೊಡಗಿದವು. ಹೊಸದಾಗಿ ಬಂದದ್ದು ಏನೂ ಅಲ್ಲ. ಅವು ಯಾವತ್ತೂ ಇದ್ದವು, ನೋಡುತ್ತಿರಲಿಲ್ಲ ಅಷ್ಟೆ. ಹಿಂದೆ ಬಂದ ಚೀನಾ ಬಲೂನುಗಳನ್ನು ನಾವು ಆಗ ಗುರುತಿಸಲಿಲ್ಲ ಅಂತ ನೋರಾಡ್‌ನ ಆಗಿನ ಮುಖ್ಯಸ್ಥ ಜನರಲ್ ಗ್ಲೆನ್ ವ್ಯಾನ್‌ಹರ್ಕ್ ಎಲ್ಲರೆದುರು ಒಪ್ಪಿಕೊಂಡರು. ಸೇನೆಯ ದೊಡ್ಡ ಅಧಿಕಾರಿ ಹೀಗೆ ಒಪ್ಪಿಕೊಳ್ಳುವುದು ಸುಲಭದ ಮಾತಲ್ಲ.

ಹ್ಯೂರಾನ್ ಕಥೆಯನ್ನೇ ತೆಗೆದುಕೊಳ್ಳಿ. ಹಿಂದಿನ ಸಂಜೆ ಮೊಂಟಾನಾ ಮೇಲೆ ಏನೋ ಕಂಡಿತು. ಆ ಭಾಗದಲ್ಲಿ ವಿಮಾನಗಳನ್ನು ನಿಲ್ಲಿಸಿ ಫೈಟರ್ ಕಳಿಸಿದರು. ಏನೂ ಸಿಗಲಿಲ್ಲ. ಮರುದಿನ ಮತ್ತೆ ಕಂಡಿತು, ವಿಸ್ಕಾನ್ಸಿನ್ ದಾಟಿ ಮಿಷಿಗನ್ ಕಡೆ ಹೋಯಿತು. ಎರಡೂ ಒಂದೇ ಇರಬೇಕು ಅಂತ ಸೇನೆ ಹೇಳಿತು. ಒಮ್ಮೆ ಕೈತಪ್ಪಿ ಹೋದದ್ದು ಮತ್ತೆ ಸಿಕ್ಕಾಗ ಮತ್ತೆ ಬಿಟ್ಟುಬಿಡಬೇಕಿತ್ತಾ? ಇಂಥ ಕುರ್ಚಿಯಲ್ಲಿ ಕೂತವನಿಗೆ ಮಾತ್ರ ಆ ಚಡಪಡಿಕೆ ಗೊತ್ತು.

ಇನ್ನು ಟೀಕೆ ಮಾಡುವವರ ವಿಚಾರ. ಚೀನಾದ ಬಲೂನು ಜನವರಿ 28ಕ್ಕೇ ಅಲಾಸ್ಕಾ ಕಡೆ ಬಂದಿತ್ತು. ಫೆಬ್ರವರಿ 1ರಂದು ಮೊಂಟಾನಾದ ಬಿಲ್ಲಿಂಗ್ಸ್ ಊರಿನ ಜನ ತಲೆ ಎತ್ತಿ ನೋಡಿ ಫೋಟೋ ತೆಗೆದರು. ಆ ರಾಜ್ಯದಲ್ಲಿ ಅಣ್ವಸ್ತ್ರ ಕ್ಷಿಪಣಿಗಳನ್ನು ಇಟ್ಟಿರುವ ನೆಲದಡಿಯ ಗುಂಡಿಗಳಿವೆ. 200 ಅಡಿ ಎತ್ತರದ ಬಲೂನು, ಅದರ ಕೆಳಗೆ ಸಣ್ಣ ಜೆಟ್ ವಿಮಾನದಷ್ಟು ಸಾಮಾನು. ಕೆಳಗೆ ಜನರಿದ್ದಾರೆ, ಬಿದ್ದರೆ ಅನಾಹುತ ಅಂತ ಸಮುದ್ರಕ್ಕೆ ಬರುವ ತನಕ ಕಾದರು. 4ರಂದು ದಕ್ಷಿಣ ಕೆರೊಲಿನಾ ತೀರದ ಆಚೆ ಎಫ್-22 ವಿಮಾನ 58 ಸಾವಿರ ಅಡಿಯಿಂದ ಒಂದೇ ಸೈಡ್‌ವೈಂಡರ್ ಕ್ಷಿಪಣಿ ಹೊಡೆದು ಬೀಳಿಸಿತು. ಆಗ ಜನ ಏನಂದರು? ಇಷ್ಟು ದಿನ ಯಾಕೆ ಬಿಟ್ಟಿರಿ ಅಂತ ಬೈದರು. ಸರಿ, ಮುಂದಿನದನ್ನು ಕಂಡ ತಕ್ಷಣ ಹೊಡೆದರು. ಆಗ, ಇಷ್ಟು ಅವಸರ ಯಾಕೆ ಅಂತ ಬೈದರು. ಅತ್ತ ದರಿ, ಇತ್ತ ಪುಲಿ.

ಸೋವಿಯತ್ ಒಕ್ಕೂಟದ್ದೂ ಹೀಗೇ ಆಯಿತು. 1983ರಲ್ಲಿ ದಾರಿ ತಪ್ಪಿದ ಕೊರಿಯಾದ ಪ್ರಯಾಣಿಕರ ವಿಮಾನವನ್ನು ಹೊಡೆದು 269 ಜನರನ್ನು ಕೊಂದರು. ಪ್ರಪಂಚವೆಲ್ಲ ಉಗಿಯಿತು. ಆಮೇಲೆ ಕೈ ಬಿಗಿ ಮಾಡಿಕೊಂಡರು. 1987ರಲ್ಲಿ 18 ವರ್ಷದ ಜರ್ಮನ್ ಹುಡುಗ ಒಂದು ಪುಟ್ಟ ಸೆಸ್ನಾ ವಿಮಾನ ಓಡಿಸಿಕೊಂಡು ಹೆಲ್ಸಿಂಕಿಯಿಂದ ಹೊರಟು ಮಾಸ್ಕೋದ ಕೆಂಪು ಚೌಕದ ಪಕ್ಕ ಇಳಿದುಬಿಟ್ಟ. ರೇಡಾರ್ ಅವನನ್ನು ಕಂಡಿತ್ತು! ನಮ್ಮದೇ ಇರಬೇಕು ಅಂತ ಬಿಟ್ಟಿದ್ದರು. ರಕ್ಷಣಾ ಮಂತ್ರಿಯ ಕುರ್ಚಿಯೇ ಹೋಯಿತು. ಅವತ್ತು ಆ ಹುಡುಗನ ಬದಲು ಬೇರೆ ಯಾರಾದರೂ ಬಂದಿದ್ದರೆ?

ನಮ್ಮಲ್ಲೂ 1995ರ ಡಿಸೆಂಬರ್‌ನಲ್ಲಿ ಆಂಟೊನೊವ್ ವಿಮಾನವೊಂದು ಬಂದು ಪಶ್ಚಿಮ ಬಂಗಾಳದ ಪುರುಲಿಯಾದಲ್ಲಿ ರಾತ್ರಿ ಹೊತ್ತು ಪೆಟ್ಟಿಗೆಗಟ್ಟಲೆ ಎಕೆ-47 ಉದುರಿಸಿ ಹೋಯಿತು. ಬೆಳಿಗ್ಗೆ ಹಳ್ಳಿಯವರು ಹೊಲದಲ್ಲಿ ಬಂದೂಕು ಹೆಕ್ಕಿದರು. ವಾಯುಸೇನೆಯವರಾದ ನಮಗೆ ತಲೆ ಎತ್ತಿ ಓಡಾಡಲು ಆಗಲಿಲ್ಲ. ಅದೇ ವಿಮಾನ ಮತ್ತೆ ಬಂದಾಗ ಮುಂಬೈನಲ್ಲಿ ಇಳಿಸಿ ಹಿಡಿದರು, ಅದು ಬೇರೆ ಮಾತು. ಸೇನೆ ಮೇಲೆ ನಂಬಿಕೆ ಹೋಗುವುದು ಹೀಗೆ, ಹೊಡೆಯದೆ ಬಿಟ್ಟಾಗ.

ಆದರೆ ಈ ಅನುಮಾನದ ಗಿರಾಕಿಗಳಿಗೆ ಇದು ಯಾವುದೂ ಬೇಡ. ಅವರಿಗೆ ಬೇಕಾದ್ದು ಹಾರುವ ತಟ್ಟೆ. ಪತ್ರಕರ್ತರೊಬ್ಬರು ಅನ್ಯಗ್ರಹದವರು ಇರಬಹುದಾ ಅಂತ ಕೇಳಿದಾಗ ವ್ಯಾನ್‌ಹರ್ಕ್, ಸದ್ಯಕ್ಕೆ ಯಾವುದನ್ನೂ ತಳ್ಳಿಹಾಕಿಲ್ಲ ಅಂದರು. ಪಾಪ, ಸೇನೆಯ ಮನುಷ್ಯ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂದ. ಅಷ್ಟಕ್ಕೇ ಇಡೀ ಪ್ರಪಂಚದ ಟೀವಿಗಳು ಹಸಿರು ಬಣ್ಣದ ಬೊಂಬೆಗಳನ್ನು ತೋರಿಸಿದವು. ಶ್ವೇತಭವನದ ವಕ್ತಾರೆ ಮರುದಿನ ಬಂದು, ಅಂಥದ್ದೇನೂ ಇಲ್ಲ ಮಾರಾಯರೇ ಅನ್ನುವ ಧಾಟಿಯಲ್ಲಿ ಹೇಳಬೇಕಾಯಿತು. ನನ್ನ ಮೊಮ್ಮಗನೂ ಫೋನಿನಲ್ಲಿ ಏನೋ ವಿಡಿಯೋ ತೋರಿಸಿ, 'ತಾತ, ನೀವೂ ಇದನ್ನೇ ನೋಡಿದ್ರಾ' ಅಂದ. ಇಂಥವರಿಗೆ ಎಷ್ಟು ಚಿತ್ರ ತೋರಿಸಿದರೂ ಸಾಲುವುದಿಲ್ಲ. ಚಿತ್ರ ಕೊಟ್ಟರೆ ನಕಲಿ ಅಂತಾರೆ.

ಅವಶೇಷ ಎಲ್ಲಿ ಅಂತ ಕೇಳುತ್ತಾರೆ. ಒಂದು ಬಿದ್ದದ್ದು ಅಲಾಸ್ಕಾದ ಉತ್ತರದ ಸಮುದ್ರದ ಮಂಜುಗಡ್ಡೆ ಮೇಲೆ, ಇನ್ನೊಂದು ಯೂಕಾನಿನ ಬೆಟ್ಟಗಾಡಿನಲ್ಲಿ, ಇನ್ನೊಂದು ಸಮುದ್ರದಂಥ ಸರೋವರದಲ್ಲಿ. ಅದೂ ಫೆಬ್ರವರಿಯ ಚಳಿಯಲ್ಲಿ. ಹುಡುಕಿದರು, ಆಗ ಸಿಗಲಿಲ್ಲ, ನಿಲ್ಲಿಸಿದರು. ಕ್ಷಿಪಣಿ ಬೆಲೆಯ ಲೆಕ್ಕ ಹೇಳುವವರೂ ಇದ್ದಾರೆ. ಆ ಕ್ಷಿಪಣಿ ಕಪಾಟಿನಲ್ಲಿ ಇಟ್ಟು ಪೂಜೆ ಮಾಡಲು ಮಾಡಿದ್ದಲ್ಲ.

2016ರ ಜನವರಿ 26ರಂದು ರಾಜಸ್ಥಾನದಲ್ಲಿ ನಮ್ಮ ಸುಖೋಯ್-30 ವಿಮಾನವೂ ಒಂದು ಬಲೂನನ್ನು ಹೊಡೆದು ಬೀಳಿಸಿತು. ಆಗ ನಾನು ನಿವೃತ್ತನಾಗಿದ್ದೆ. ಪೇಪರ್ ನೋಡಿ ಬಲೂನಿಗೆ ಸುಖೋಯ್ ಬೇಕಿತ್ತಾ ಅಂತ ನಮ್ಮ ವಾಕಿಂಗ್ ಗುಂಪಿನವರು ನಕ್ಕರು. ಗಣರಾಜ್ಯೋತ್ಸವದ ದಿನ, ಗಡಿ ಪಕ್ಕ, ಯಾರದ್ದು ಅಂತ ಗೊತ್ತಿಲ್ಲದ ವಸ್ತು. ಆ ಹೊತ್ತಿಗೆ ಅಲ್ಲಿ ಕೂತಿದ್ದರೆ ನಾನೂ ಹೊಡೆಯಿರಿ ಅಂತಲೇ ಹೇಳುತ್ತಿದ್ದೆ.

ವಿರೋಧ

ಹೊಡೆದಿರಿ, ಸರಿ. ಏನು ಅಂತ ಹೇಳಿ

(ಬರೆದವರು ಬೀದರ್ ಜಿಲ್ಲೆಯವರು. ಮಿಷಿಗನ್‌ನಲ್ಲಿ ಆಟೊಮೊಬೈಲ್ ಎಂಜಿನಿಯರ್.)

ವಿರೋಧದ ಕಡೆ ಬರೆಯಿರಿ ಅಂತ ಕೇಳಿದಾಗ ಸ್ವಲ್ಪ ಹಿಂಜರಿದೆ. ಹೊಡೆಯಲೇಬಾರದು ಅನ್ನುವಷ್ಟು ಗಟ್ಟಿ ಅಭಿಪ್ರಾಯ ನನಗಿಲ್ಲ. ಚೀನಾದ ಬಲೂನು ಹೊಡೆದದ್ದರಲ್ಲಿ ತಪ್ಪು ಕಾಣುವುದಿಲ್ಲ. ಅದು ದೇಶ ದಾಟುವಾಗ ಯಾವ ಗುಪ್ತ ಮಾಹಿತಿಯನ್ನೂ ಸಂಗ್ರಹಿಸಲಿಲ್ಲ ಅಂತ ಆ ವರ್ಷ ಜೂನ್‌ನಲ್ಲಿ ಪೆಂಟಗನ್ನೇ ಹೇಳಿತು, ಆದರೂ ಪರವಾಗಿಲ್ಲ. ನನ್ನನ್ನು ಕೇಳಿದ್ದಕ್ಕೆ ಕಾರಣ, ಕೊನೆಯದು ಬಿದ್ದದ್ದು ನಮ್ಮ ರಾಜ್ಯದ ಪಕ್ಕದಲ್ಲಿ ಅನ್ನೋದು ಇರಬೇಕು.

ಅವತ್ತು ಸೂಪರ್ ಬೌಲ್ ಭಾನುವಾರ. ಸ್ನೇಹಿತರ ಮನೆಯಲ್ಲಿ ಸೇರಿದ್ದೆವು. ನಮಗೆ ಅಮೆರಿಕದ ಫುಟ್‌ಬಾಲ್ ಅರ್ಥ ಆಗೋದು ಅಷ್ಟಕ್ಕಷ್ಟೆ, ಮಿರ್ಚಿ ಭಜಿಗಾಗಿ ಸೇರುವುದು. ಮಧ್ಯಾಹ್ನ ಯಾರದೋ ಫೋನಿಗೆ ಸುದ್ದಿ ಬಂತು. ಹ್ಯೂರಾನ್ ಸರೋವರದ ಮೇಲೆ ಎಫ್-16 ವಿಮಾನ ಏನನ್ನೋ ಹೊಡೆದಿದೆ ಅಂತ. ಸ್ವಲ್ಪ ಹೊತ್ತಿಗೆ ಮೊದಲು ಮಿಷಿಗನ್ ಸರೋವರದ ಮೇಲೂ ವಿಮಾನ ಸಂಚಾರ ನಿಲ್ಲಿಸಿದ್ದರು. ಕನ್ನಡ ಕೂಟದ ವಾಟ್ಸಾಪ್ ಗುಂಪು ಹೊತ್ತಿಕೊಂಡಿತು. ಒಬ್ಬರು ಚೀನಾ ಅಂದರು, ಒಬ್ಬರು ರಷ್ಯಾ ಅಂದರು. ಇನ್ನೊಬ್ಬರು ಇದೆಲ್ಲ ಬೇರೆ ಯಾವುದೋ ಸುದ್ದಿ ಮುಚ್ಚಲು ಮಾಡಿದ ನಾಟಕ ಅಂತ ಉದ್ದುದ್ದ ಬರೆದರು. ಅವರು ಡಾಕ್ಟರು, ದಡ್ಡರೇನಲ್ಲ. ಅಡುಗೆಮನೆಯಲ್ಲಿ ನನ್ನ ಹೆಂಡತಿ, 'ನೀರು ಹಿಡಿದಿಟ್ಟುಕೊಳ್ಳಬೇಕಾ' ಅಂತ ಕೇಳಿದಳು. ನಮಗೆ ಕುಡಿಯುವ ನೀರು ಹ್ಯೂರಾನ್ ಸರೋವರದಿಂದಲೇ ಬರುವುದು. ಅದರಲ್ಲಿ ಏನು ಬಿತ್ತು ಅಂತ ಯಾರೂ ಹೇಳುತ್ತಿಲ್ಲ. ನಾನು ಏನಾಗಲ್ಲ ಬಿಡು ಅಂದೆ. ಆದರೂ ಎರಡು ಬಕೆಟ್ ತುಂಬಿಟ್ಟೆವು.

ಎರಡು ದಿನ ಬಿಟ್ಟು ಇನ್ನೊಂದು ವಿಷಯ ಹೊರಬಂತು. ಮೊದಲು ಬಿಟ್ಟ ಕ್ಷಿಪಣಿ ಗುರಿ ತಪ್ಪಿ ಸರೋವರಕ್ಕೆ ಬಿದ್ದಿತ್ತು! ಎರಡನೆಯದು ತಾಗಿದ್ದು. ಸೇನೆಯ ಆಗಿನ ಅತಿ ದೊಡ್ಡ ಅಧಿಕಾರಿ ಜನರಲ್ ಮಾರ್ಕ್ ಮಿಲ್ಲಿಯೇ ಹೇಳಿದರು. ಅದು ಯಾರಿಗೂ ತೊಂದರೆ ಮಾಡದೆ ನೀರಿಗೆ ಬಿತ್ತು ಅಂದರು. ಒಳ್ಳೆಯದೇ ಆಯಿತು. ಭಾನುವಾರವೇ ಹೇಳಿದ್ದರೆ ಏನಾಗುತ್ತಿತ್ತು?

ಫೆಬ್ರವರಿ 16ಕ್ಕೆ ಆಗಿನ ಅಧ್ಯಕ್ಷ ಬೈಡನ್ ಮಾತಾಡಿದರು. ಆ ಮೂರೂ ಬಹುಶಃ ಖಾಸಗಿ ಕಂಪನಿಗಳದ್ದೋ, ಹವ್ಯಾಸಿಗಳದ್ದೋ, ಸಂಶೋಧನಾ ಸಂಸ್ಥೆಗಳದ್ದೋ ಬಲೂನುಗಳಿರಬೇಕು ಅಂದರು. ಅದರ ಬೆನ್ನಿಗೇ ಹುಡುಕಾಟವನ್ನೂ ಕೈಬಿಟ್ಟರು. ಕೆನಡಾದವರೂ ನಿಲ್ಲಿಸಿದರು.

ಇಲಿನಾಯ್ಸ್‌ನ ಹವ್ಯಾಸಿಗಳ ಬಲೂನಿನ ಕಥೆ ನಡುವೆ ಬಂತು. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ನನ್ನಂಥ ಎಂಜಿನಿಯರ್‌ಗೆ ಇದು ಬಹಳ ಇಷ್ಟವಾದ ಭಾಗ. ಹ್ಯಾಮ್ ರೇಡಿಯೊ, ಅಂದರೆ ಹವ್ಯಾಸಕ್ಕೆ ರೇಡಿಯೊ ಸಂಪರ್ಕ ಮಾಡುವ ಹುಚ್ಚಿನ ಒಂದು ಗುಂಪು, ಹೆಸರು ನಾರ್ದರ್ನ್ ಇಲಿನಾಯ್ಸ್ ಬಾಟಲ್‌ಕ್ಯಾಪ್ ಬಲೂನ್ ಬ್ರಿಗೇಡ್. ಇವರು ಬಿಡುವುದು 32 ಇಂಚಿನ ಬೆಳ್ಳಿ ಬಣ್ಣದ ಮೈಲಾರ್ ಬಲೂನು. ಹುಟ್ಟುಹಬ್ಬಕ್ಕೆ ಕಟ್ಟುತ್ತಾರಲ್ಲ, ಅಂಥದ್ದೇ ಜಾತಿ. ಅದಕ್ಕೆ ಕೆಲವೇ ಗ್ರಾಂ ತೂಕದ ಒಂದು ಟ್ರಾನ್ಸ್‌ಮಿಟರ್, ಚಿಕ್ಕ ಸೌರಫಲಕ, ಕೂದಲಿನಷ್ಟು ಸಣ್ಣ ತಂತಿ. ಬಿಸಿಲಿದ್ದಾಗ ತಾನೆಲ್ಲಿದ್ದೇನೆ ಅಂತ ಹೇಳುತ್ತದೆ, ರಾತ್ರಿ ಸುಮ್ಮನಾಗುತ್ತದೆ. ಪ್ರಪಂಚದ ಯಾವ ಮೂಲೆಯ ಹ್ಯಾಮ್ ಬೇಕಾದರೂ ಅದನ್ನು ಕೇಳಿಸಿಕೊಳ್ಳಬಹುದು. ಅವರ ಒಂದು ಬಲೂನು ಆಗಲೇ ಭೂಮಿಯನ್ನು ಆರು ಸುತ್ತು ಹಾಕಿ ಏಳನೆಯದರಲ್ಲಿತ್ತು. ಫೆಬ್ರವರಿ 10ಕ್ಕೆ ಅಲಾಸ್ಕಾದ ಪಶ್ಚಿಮ ತೀರದ ಹ್ಯಾಗಮೈಸ್ಟರ್ ದ್ವೀಪದ ಹತ್ತಿರ ಸುಮಾರು 39 ಸಾವಿರ ಅಡಿಯಲ್ಲಿತ್ತು. ಗಾಳಿಯ ಲೆಕ್ಕ ಹಾಕಿದರೆ 11ಕ್ಕೆ ಯೂಕಾನ್ ಮೇಲೆ ಇರಬೇಕು. ಅವತ್ತಿನಿಂದ ಅದರ ದನಿ ಇಲ್ಲ. ಕ್ಷಿಪಣಿ ಹೊಡೆದದ್ದೂ ಅವತ್ತೇ.

ಆ ಗುಂಪಿನವರು ನಮ್ಮದನ್ನೇ ಹೊಡೆದರು ಅಂತ ಕೂಗಾಡಲಿಲ್ಲ. ಬಲೂನು ಕಾಣೆಯಾಗಿದೆ ಅಂತ ಮಾತ್ರ ಹೇಳಿದರು. ಕಾಕತಾಳೀಯವೂ ಇರಬಹುದು. ಆದರೆ ನಿಜವಾದರೆ, ಕೆಲವೇ ಸಾವಿರ ರೂಪಾಯಿಯ ಆಟಿಕೆ ಮೇಲೆ 4 ಲಕ್ಷ ಡಾಲರಿಗೂ ಜಾಸ್ತಿ ಬೆಲೆಯ ಕ್ಷಿಪಣಿ. ಗುಬ್ಬಿ ಮೇಲೆ ಬ್ರಹ್ಮಾಸ್ತ್ರ ಅಂದರೆ ಇದೇ ತಾನೆ. ಇದು ಖರ್ಚಿನ ಪ್ರಶ್ನೆ ಅಂತ ತಳ್ಳಿಹಾಕಬಹುದು. ನನ್ನ ಪ್ರಶ್ನೆ ಬೇರೆ. ಅದು ಎಲ್ಲಿದೆ ಅಂತ ಯಾರು ಬೇಕಾದರೂ ಇಂಟರ್‌ನೆಟ್‌ನಲ್ಲಿ ನೋಡಬಹುದಿತ್ತು. ಸೇನೆಯವರು ಯಾಕೆ ನೋಡಲಿಲ್ಲ?

ವಿಮಾನಗಳಿಗೆ ಅಪಾಯ ಅನ್ನುತ್ತಾರೆ. ಪ್ರಪಂಚದಾದ್ಯಂತ ಸುಮಾರು 900 ಕಡೆಯಿಂದ ದಿನಕ್ಕೆ ಎರಡು ಸಲ ಹವಾಮಾನ ಬಲೂನು ಬಿಡುತ್ತಾರೆ. ನಮ್ಮ ಬೆಂಗಳೂರು, ಮಂಗಳೂರಿನಿಂದಲೂ ಮೇಲೇರುತ್ತವೆ. ಅವನ್ನೆಲ್ಲ ಹೊಡೆಯುತ್ತಾ ಕೂತರೆ ಅಮೆರಿಕದ ಬಜೆಟ್ ಸಾಕಾಗಲ್ಲ.

ಈ ದೇಶದ ಜನರಿಗೆ ಅನುಮಾನ ಯಾಕೆ ಅಂದರೆ ಅದಕ್ಕೆ ಇತಿಹಾಸ ಇದೆ. 1947ರ ಜುಲೈನಲ್ಲಿ ನ್ಯೂ ಮೆಕ್ಸಿಕೊದ ರಾಸ್‌ವೆಲ್‌ನಲ್ಲಿ ಹಾರುವ ತಟ್ಟೆ ಸಿಕ್ಕಿದೆ ಅಂತ ಪತ್ರಿಕೆಗೆ ಹೇಳಿಕೆ ಕೊಟ್ಟದ್ದು ಯಾವುದೋ ಹುಚ್ಚರಲ್ಲ, ಅಲ್ಲಿನ ಸೇನಾ ವಾಯುನೆಲೆಯೇ. ಅಷ್ಟರಲ್ಲೇ ಮಾತು ಬದಲಾಯಿತು. ಹವಾಮಾನ ಬಲೂನು ಅಂದರು. ಅದೂ ಪೂರ್ತಿ ನಿಜ ಅಲ್ಲ. ಸೋವಿಯತ್ ಅಣುಪರೀಕ್ಷೆಯ ಸದ್ದನ್ನು ಹಿಡಿಯಲು ಮಾಡಿದ ಮೊಗಲ್ ಅನ್ನುವ ಗುಟ್ಟಿನ ಯೋಜನೆಯ ಬಲೂನು ಅದು ಅಂತ ವಾಯುಸೇನೆ ಹೇಳಿದ್ದು 1994ರಲ್ಲಿ. ಆಗಿನ ಕಾಲಕ್ಕೆ ಗುಟ್ಟು ಬೇಕಿತ್ತು, ಒಪ್ಪೋಣ. ಆದರೆ ಅದಕ್ಕೆ 47 ವರ್ಷವಾ? ಅಷ್ಟರಲ್ಲಿ ಆ ಊರಿನ ಬೀದಿ ದೀಪಕ್ಕೂ ಅನ್ಯಗ್ರಹದವರ ಮುಖ ಬಂದುಬಿಟ್ಟಿತ್ತು.

ಬಲೂನಿನಲ್ಲಿ ಮನುಷ್ಯರು ಇರುವುದಿಲ್ಲ ಅನ್ನೋದೂ ಅಷ್ಟು ಸರಿ ಅಲ್ಲ. 1995ರ ಸೆಪ್ಟೆಂಬರ್‌ನಲ್ಲಿ ಗಾರ್ಡನ್ ಬೆನೆಟ್ ಬಲೂನು ಸ್ಪರ್ಧೆ ನಡೆಯುತ್ತಿತ್ತು. ಬೆಲಾರುಸ್ ಮೇಲೆ ಹಾದುಹೋಗಬಹುದು ಅಂತ ಆಯೋಜಕರು ಮೊದಲೇ ತಿಳಿಸಿದ್ದರು. ಅಲ್ಲಿನ ಸೇನೆಯ ಹೆಲಿಕಾಪ್ಟರ್ ಒಂದು ಬಲೂನನ್ನು ಹೊಡೆದು ಬೀಳಿಸಿತು. ಇಬ್ಬರು ಅಮೆರಿಕನ್ನರು ಸತ್ತರು. ಹೆಲಿಕಾಪ್ಟರ್‌ನವರೂ ಹತ್ತಿರ ಹೋಗಿಯೇ ಇದ್ದರು. 1988ರಲ್ಲಿ ಅಮೆರಿಕದ ಯುದ್ಧನೌಕೆ ವಿನ್ಸೆನ್ಸ್ ಇರಾನಿನ ಪ್ರಯಾಣಿಕರ ವಿಮಾನ ಹೊಡೆದು 290 ಜನ ಸತ್ತಾಗ, ವಿಮಾನ ಕೆಳಗಿಳಿಯುತ್ತಾ ನೌಕೆ ಕಡೆ ಬರುತ್ತಿತ್ತು ಅಂತ ಮೊದಲು ಹೇಳಿದರು. ಆಮೇಲೆ ತನಿಖೆಯಲ್ಲಿ ಅದು ಮೇಲೇರುತ್ತಿತ್ತು ಅಂತ ಗೊತ್ತಾಯಿತು. 2020ರ ಜನವರಿಯಲ್ಲಿ ಇರಾನ್ ತಾನೇ ಉಕ್ರೇನಿನ ವಿಮಾನ ಹೊಡೆದು 176 ಜನರನ್ನು ಕೊಂದು ಮೂರು ದಿನ ಅಲ್ಲಗಳೆಯಿತು. ಅವರಲ್ಲಿ ಎಷ್ಟೋ ಜನ ಕೆನಡಾಕ್ಕೆ ಹೊರಟವರು. ಮಿಷಿಗನ್ ಗಡಿಯ ಆಚೆಗಿನ ಕೆನಡಾದ ಊರುಗಳಲ್ಲಿ ಆ ವಾರ ಮೇಣದಬತ್ತಿ ಹಚ್ಚಿದ್ದು ಇನ್ನೂ ನೆನಪಿದೆ.

ನಮ್ಮ ದೇಶದ್ದೂ ಹೇಳಬೇಕು. ಪರವಾಗಿ ಬರೆಯುವವರು ವಾಯುಸೇನೆಯವರು ಅಂತ ತಿಳಿಯಿತು, ಅವರ ಮೇಲೆ ಗೌರವ ಇಟ್ಟುಕೊಂಡೇ ಹೇಳುತ್ತೇನೆ. 2019ರ ಫೆಬ್ರವರಿ 27ರಂದು ಕಾಶ್ಮೀರದ ಬುಡ್ಗಾಮ್‌ನಲ್ಲಿ ನಮ್ಮದೇ ಎಂಐ-17 ಹೆಲಿಕಾಪ್ಟರನ್ನು ನಮ್ಮದೇ ಕ್ಷಿಪಣಿ ಹೊಡೆಯಿತು. ವಾಯುಸೇನೆಯ ಆರು ಜನ, ಕೆಳಗಿದ್ದ ಒಬ್ಬ ನಾಗರಿಕ ತೀರಿಕೊಂಡರು. ಇದು ನಮ್ಮ ದೊಡ್ಡ ತಪ್ಪು ಅಂತ ವಾಯುಸೇನೆ ಮುಖ್ಯಸ್ಥರು ಹೇಳಿದ್ದು ಅಕ್ಟೋಬರ್‌ನಲ್ಲಿ. ಒಪ್ಪಿಕೊಂಡದ್ದು ದೊಡ್ಡತನವೇ. ಆದರೆ ಆ ನಡುವಿನ ತಿಂಗಳುಗಳಲ್ಲಿ ಏನೇನು ಗಾಳಿಮಾತು ಓಡಾಡಿತು ಅಂತ ನಮಗೆಲ್ಲ ಗೊತ್ತು.

ಬೇರೆ ರೀತಿ ಮಾಡಲು ಆಗಲ್ವಾ ಅಂದರೆ ಆಗುತ್ತೆ. 2025ರ ಜನವರಿಯಲ್ಲಿ ನಮ್ಮ ಬೀದರ್ ಜಿಲ್ಲೆಯ ಹುಮನಾಬಾದ್ ತಾಲ್ಲೂಕಿನ ಜಲಸಂಗಿಯಲ್ಲಿ ಒಂದು ಮನೆಯ ಮೇಲೆ ಭಾರಿ ಬಲೂನು ಬಂದು ಬಿತ್ತು. ಅದರ ಜೊತೆ ಯಂತ್ರವೂ ಇತ್ತು. ಊರವರು ಹೆದರಿದರು. ಊರಿನ ಗುಂಪುಗಳಿಂದ ನನಗೂ ವಿಡಿಯೋ ಬಂತು. ಜೊತೆಗಿದ್ದ ಪತ್ರ ನೋಡಿದರೆ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಹೈದರಾಬಾದಿನ ಬಲೂನು ಕೇಂದ್ರದ್ದು. ಅವರು ದಶಕಗಳಿಂದ ಇಂಥ ಬಲೂನು ಬಿಡುತ್ತಾರೆ, 30 ಕಿಲೋಮೀಟರಿಗೂ ಮೇಲೆ ಹೋಗುತ್ತವೆ. ಬಿಡುವ ಮೊದಲು ಯಾವ ಯಾವ ಜಿಲ್ಲೆಯಲ್ಲಿ ಬೀಳಬಹುದು, ಸಿಕ್ಕರೆ ಮುಟ್ಟಬೇಡಿ, ಪೊಲೀಸರಿಗೆ ತಿಳಿಸಿ ಅಂತ ಪ್ರಕಟಣೆ ಕೊಡುತ್ತಾರೆ. ಯಾರದ್ದು ಅಂತ ಗೊತ್ತಾದ ಮೇಲೆ ಊರಲ್ಲಿ ಎಲ್ಲರೂ ಅದರ ಜೊತೆ ಸೆಲ್ಫಿ ತೆಗೆಸಿಕೊಂಡಿರಬೇಕು. ಗಾಬರಿ ಇಳಿಯಲು ಒಂದು ಚೀಟಿ ಸಾಕಾಯಿತು. ಅಮೆರಿಕದ ಸೇನೆಗೆ ಇದು ಪೂರ್ತಿ ಹೊಂದುವುದಿಲ್ಲ ಅಂತ ನನಗೂ ಗೊತ್ತು, ಶತ್ರು ಚೀಟಿ ಅಂಟಿಸಿ ಕಳಿಸಲ್ಲ. ಆದರೆ ಹೊಡೆದವರು ಏನನ್ನು ಹೊಡೆದೆವು ಅಂತ ಚೀಟಿ ಬರೆಯಬಹುದಲ್ವಾ?

ಯೂಕಾನ್ ವಸ್ತುವಿನ ಚಿತ್ರ ಕೆನಡಾ ಸೇನೆಯ ಹತ್ತಿರ ಇತ್ತು. ಅದನ್ನು ಆಗಲೇ ಬಿಡುಗಡೆ ಮಾಡುವ ಯೋಚನೆಯೂ ಇತ್ತು. ಬಿಟ್ಟರೆ ಇನ್ನಷ್ಟು ಪ್ರಶ್ನೆ, ಗೊಂದಲ ಏಳಬಹುದು ಅಂತ ತಡೆದರು. ಮಾಹಿತಿ ಹಕ್ಕಿನ ಕಾನೂನಿನಡಿ ಅಲ್ಲಿನ ಸಿಟಿವಿ ವಾಹಿನಿಯವರು ಕೇಳಿ ತೆಗೆಸಿದ ಮೇಲೆ, 2024ರ ಸೆಪ್ಟೆಂಬರ್‌ನಲ್ಲಿ ಅದು ಜನರ ಕಣ್ಣಿಗೆ ಬಿತ್ತು. ಕಪ್ಪು ಬಿಳುಪಿನ ಮಸುಕು ಚಿತ್ರ. ಒಂದು ದುಂಡನೆಯ ಆಕಾರ, ಕೆಳಗೆ ಏನೋ ನೇತಾಡಿದ ಹಾಗೆ. ಬಲೂನೇ ಅನ್ನಿಸುತ್ತದೆ. ನಾನು ಅದನ್ನು ನಮ್ಮ ಗುಂಪಿಗೆ ಹಾಕಿದೆ. ಅದೇ ಡಾಕ್ಟರು, 'ಇಷ್ಟು ಸಾಧಾರಣ ಚಿತ್ರಕ್ಕೆ ಹತ್ತೊಂಬತ್ತು ತಿಂಗಳು ಬೇಕಾಯ್ತಾ? ನಿಜವಾದದ್ದು ಬೇರೆ ಇರಬೇಕು' ಅಂತ ಬರೆದರು. ಆ ವಾರವೇ ಬಿಟ್ಟಿದ್ದರೆ ಅವರಿಗೂ ಅಷ್ಟು ಹೇಳಲು ಆಗುತ್ತಿರಲಿಲ್ಲ.